ಹೊಳಿಗೆ ಹೋದ ಐತವಾರ

ಶನಿವಾರ ರಾತ್ರಿ ಸಿದ್ರಾಮ ಅಂದ:
"ನಾಳಿ ಎಲ್ಲಾರೂ ಹೊಳಿಗೆ ಹೋಗೂಣ."
ಆರು ದಿನ ಟ್ಯಾಂಕರು ಹೊಡೆದು
ಬಾಣೇರ, ಬಾವಧನದ ಸೊಸೈಟಿಗಳಿಗೆ ನೀರು ಸುರಿಯುವವನಿಗೆ
ಏಳನೆಯ ದಿನ
ತಾನಾಗಿ ಹರಿಯುವ ನೀರು ನೋಡುವ ಆಸೆ.

ಓವಿಗೆ ಕೇಳಿಸಿದ್ದೇ ಬೇರೆ.
ಒಂದನೇ ಇಯತ್ತೆಯ ಅವಳ ಮರಾಠಿಯಲ್ಲಿ
ಹೋಳಿಯೆಂದರೆ ಬೆಂಕಿ.
ಓಣಿಯ ನಡುವೆ ಕಟ್ಟಿಗೆ ಒಟ್ಟಿ, ಕುಳ್ಳು ಒಟ್ಟಿ
ಹುಡುಗರು ಬಾಯಿ ಬಡಕೊಳ್ಳುವ ಬೆಂಕಿ.
ಒಂದು ಗಿಡ್ಡ ಒ, ಒಂದು ಉದ್ದ ಓ.
ನಡುವಿನ ಅರ್ಧ ಉಸಿರಿನಲ್ಲಿ
ನೀರು ಹೋಗಿ ಉರಿಯಾಗಿತ್ತು.
ನಮಗ್ಯಾರಿಗೂ ಗೊತ್ತಾಗಲಿಲ್ಲ.

ಮೊದಲು ವೇತಾಳ ಟೇಕಡಿ.
ಬೆಳಗಿನ ಆರೂವರೆಗೇ ಅಲ್ಲಿ
ಬೂಟು ಹಾಕಿದ ಮಂದಿ ಬೀಸಾಗಿ ನಡೆಯುತ್ತಿದ್ದರು,
ಬೆನ್ನಿಗೆ ಸಾಲಗಾರ ಬಿದ್ದವರ ಹಾಗೆ.
"ಇವರೆಲ್ಲ ಯಾವೂರಿಗಿ ಹೊಂಟಾರ?" ಅತ್ತೆ ಭೌರವ್ವ ಕೇಳಿದಳು.
ಎಲ್ಲಿಗೂ ಇಲ್ಲ, ತಿರುಗಿ ಮನಿಗೇ, ಅಂದೆ.
"ಹಂಗಾರ ಅವಸರ ಯಾಕ?"

ಹಳೆಯ ಕಲ್ಲುಗಣಿಯ ಹತ್ತಿರ ಎಲ್ಲೋ ನವಿಲು ಕೂಗಿತು.
ಒಣಹುಲ್ಲಿನಲ್ಲಿ ಹುಡುಕಿ ಹುಡುಕಿ
ಓವಿ ಒಂದು ಕಟ್ಟಿಗೆ ಆರಿಸಿದಳು,
ತನಗಿಂತ ಗೇಣು ಎತ್ತರದ್ದು,
ಒಂದು ತುದಿಯಲ್ಲಿ ಗೆದ್ದಲು ತಿಂದದ್ದು.
ಯಾಕೆಂದು ಯಾರೂ ಕೇಳಲಿಲ್ಲ. ಮಕ್ಕಳು ಕಟ್ಟಿಗೆ ಹಿಡಿಯುತ್ತಾರೆ.

ಮೇಲಿಂದ ಊರೆಲ್ಲ ಕಂಡಿತು, ಹೊಳೆ ಕಾಣಲಿಲ್ಲ.
ಸಿದ್ರಾಮ ಬೆರಳು ಚಾಚಿದ:
"ಅಗೋ ಅಲ್ಲಿ, ಬಿಲ್ಡಿಂಗ ನಡುವ ಸಂದು ಅದಲ್ಲ,
ಅದೇ."
ಎಲ್ಲಿ ಮನೆ ಕಟ್ಟಲಾಗಲಿಲ್ಲವೋ
ಅದಕ್ಕೆ ಇಲ್ಲಿ ಹೊಳೆ ಅನ್ನುತ್ತಾರೆ.

ಸಂಭಾಜಿ ಉದ್ಯಾನದಲ್ಲಿ ಗಂಟು ಬಿಚ್ಚಿದೆವು.
ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ.
ಸೀಟಿ ಊದಿದ ವಾಚಮನ್: ಹುಲ್ಲಿನ ಮೇಲೆ ಕೂಡಬಾರದು.
ಭೌರವ್ವ ಎದ್ದಳು, ಸೀರೆ ಕೊಡವಿದಳು,
"ಹುಲ್ಲ ಅಂದ್ರ ಕೂಡಾಕಲ್ಲ, ಮೇಯಾಕಲ್ಲ,
ಮತ್ತ ಬೆಳಸಿದ್ದ್ಯಾಕ?" ಅನ್ನುತ್ತ ಕಲ್ಲಂಚಿಗೆ ಸರಿದಳು.
ಒಂದು ಕೆಂದ ನಾಯಿಗೂ ಸೀಟಿ ಊದಿದ.
ಅದು ಏಳಲಿಲ್ಲ.

ಆಮೇಲೆ ನದೀಪಾತ್ರ, ಭಿಡೆ ಪೂಲು.
ಮುಠಾ ಕಪ್ಪಗೆ, ಹೆಚ್ಚು ಸಪ್ಪಳವಿಲ್ಲದೆ ಇತ್ತು.
ಹೋದ ಮಳೆಗಾಲದ ಚಿಂದಿ ಕಂಬಗಳಿಗೆ ಸುತ್ತಿಕೊಂಡು
ಹರಕೆಯ ಬಟ್ಟೆಯ ಹಾಗೆ.
ತೇಲುವ ಥರ್ಮಾಕೋಲಿನ ಮೇಲೆ ಒಂಟಿ ಬೆಳ್ಳಕ್ಕಿ,
ಬಾಡಿಗೆ ಕೊಟ್ಟವರಂತೆ ನಿಂತಿತ್ತು.

"ಬೆಂಕಿ ಎಲ್ಲೆದ?" ಓವಿ ಕೇಳಿದಳು.
ಆಗ ತಿಳಿಯಿತು. ನಕ್ಕೆವು.
ನಗಬಾರದಿತ್ತು.
ಬೆಳಗಿನಿಂದ ಹೊತ್ತ ಕಟ್ಟಿಗೆಯ ಹಿಂದೆ
ಅವಳ ಕೆಳದುಟಿ ನಡುಗಿತು.

ಭೌರವ್ವ ನಗಲಿಲ್ಲ. ನೀರನ್ನೇ ನೋಡುತ್ತಿದ್ದಳು.
"ಇದು ಎಲ್ಲಿಗಿ ಹೋಗ್ತದ?"
"ಸಂಗಮದಾಗ ಮುಳಾ ಕೂಡ್ತದ, ಮುಂದ ಭೀಮಾ ಸೇರ್ತದ,
ಉಜನಿ ಡ್ಯಾಮ್, ಪಂಢರಪುರ,
ಆಮ್ಯಾಲ ನಿನ್ನ ತವರೂರು, ಧೂಳಖೇಡ."
"ಅಂದ್ರ," ಅಂದಳು, ಬಹಳ ಹೊತ್ತಿನ ಮೇಲೆ,
"ಹುಟ್ಟಿದಾಗಿಂದ ನಾ ಕುಡದದ್ದು ಇದೇ?"

ಬೀಗರ ಮನೆಯ ಗುಟ್ಟು ತಡವಾಗಿ ತಿಳಿದವಳ ಹಾಗೆ ನಿಂತಳು.
ಕೈ ಮುಗಿಯಲಿಲ್ಲ,
ಮೂಗೂ ಮುಚ್ಚಲಿಲ್ಲ.
ಮೊಮ್ಮಗಳ ಕಡೆ ತಿರುಗಿ,
"ಕಟ್ಟಗಿ ಇಲ್ಲಿ ಬಿಡು, ನಮ್ಮೂರಿಗಿ ಮುಟ್ಟತದ."
"ಡ್ಯಾಮ್ ಅಡ್ಡ ಅದಬೇ," ಅಂದ ಸಿದ್ರಾಮ.
"ಡ್ಯಾಮಿಗಿ ಬಾಗಲಾ ಇರ್ತಾವಿಲ್ಲೋ?"

ಓವಿ ಬಿಡಲಿಲ್ಲ.
ಬಸ್ಸಿನಲ್ಲಿ ಅದು ಇಬ್ಬರ ಕನ್ನಡಕಕ್ಕೆ, ಒಬ್ಬರ ಮೊಣಕಾಲಿಗೆ ತಾಗಿತು.
ಅರ್ಧ ಟಿಕೀಟು ಅದಕ್ಕೂ ತಗೋರಿ, ಅಂದ ಕಂಡಕ್ಟರ್.
ಮನೆಯಲ್ಲಿ ಕಸಬರಿಗೆಯ ಪಕ್ಕ ನಿಲ್ಲಿಸಿದೆವು.
ಎರಡು ಸಲ ನಾನೇ ಒಲೆಗೆಂದು ಎತ್ತಿ, ಮತ್ತೆ ಅಲ್ಲೇ ಇಟ್ಟೆ.

ಹುಣ್ಣಿಮೆಯ ರಾತ್ರಿ ಓಣಿಯ ಹುಡುಗರು ಬಂದರು.
ಮುರಿದ ಕುರ್ಚಿಯ ಕಾಲು, ಹಳೆಯ ಪೆಟ್ಟಿಗೆಯ ಹಲಗೆ
ಎಲ್ಲ ಕೊಟ್ಟೆವು.
ಕಟ್ಟಿಗೆಗೆ ಕೈ ಹಾಕಿದಾಗ ಓವಿ ಅಡ್ಡ ನಿಂತಳು:
"ಇದು ಹೊಳೀದು."
ಗಿಡ್ಡ ಒ,
ಹಾಲುಹಲ್ಲು ಬಿದ್ದ ಸಂದಿನಿಂದ.